ಅಳಲಾರದವಳ ಸಹಿ

ದುಬೈಯ ಸತ್ವಾದ ಓಣಿಗಳಲ್ಲಿ ಉಮ್ಮರಬ್ಬ ಯಾರೆಂದು ಕೇಳಿದರೆ ನಾಲ್ಕು ಜನ ಸಿಗುತ್ತಾರೆ. ಮಯ್ಯತ್ ಉಮ್ಮರಬ್ಬ ಯಾರೆಂದು ಕೇಳಿದರೆ ಮಾತ್ರ ದರ್ಜಿಯವನೂ ಗ್ಯಾರೇಜಿನವನೂ ಒಂದೇ ಕಡೆ ಕೈ ತೋರಿಸುತ್ತಾರೆ: ಅಗೋ, ಆ ಟೈಪಿಂಗ್ ಸೆಂಟರಿನ ಮೂರನೆಯ ಕುರ್ಚಿ. ಮಯ್ಯತ್ ಎಂದರೆ ಶವ. ಹೊಟ್ಟೆಪಾಡಿಗೆ ಅವನು ವೀಸಾ ಅರ್ಜಿಗಳನ್ನು ಟೈಪು ಮಾಡುತ್ತಾನೆ. ಹೆಸರು ಬಂದದ್ದು ಇಪ್ಪತ್ತೆರಡು ವರ್ಷಗಳಿಂದ ಸಂಬಳವಿಲ್ಲದೆ ಮಾಡಿಕೊಂಡು ಬಂದ ಇನ್ನೊಂದು ಕೆಲಸದಿಂದ. ದುಬೈಯಲ್ಲೋ ಅಬುಧಾಬಿಯಲ್ಲೋ ನಮ್ಮ ಕರಾವಳಿಯವರು ಯಾರಾದರೂ ತೀರಿಕೊಂಡರೆ ಅವರನ್ನು ಊರಿಗೆ ಮುಟ್ಟಿಸುವುದು ಅವನ ಪಾಲಿನ ಕೆಲಸ. ಅದನ್ನು ಅವನ ತಲೆಗೆ ಯಾರೂ ಹೊರಿಸಿದ್ದಲ್ಲ. ಇಳಿಸಿಕೊಳ್ಳುತ್ತೇನೆಂದು ಬಂದವರೂ ಇಲ್ಲ.

ಶುರುವಾದದ್ದು ರೂಮಿನ ಗೆಳೆಯನೊಬ್ಬನಿಂದ. ಸಂಜೆ ಚಹಾ ಕುಡಿಯುತ್ತಿದ್ದವನು ಹಾಗೆಯೇ ಒರಗಿದ. ಯಾವ ಆಫೀಸಿಗೆ ಯಾವ ಕಾಗದ ಕೊಡಬೇಕೆಂದು ಯಾರಿಗೂ ಗೊತ್ತಿಲ್ಲದೆ ಹದಿನೇಳು ದಿನ ಅವನು ಶವಾಗಾರದ ತಣ್ಣಗಿನ ಪೆಟ್ಟಿಗೆಯಲ್ಲಿ ಮಲಗಿದ್ದ. ಉಮ್ಮರಬ್ಬನಿಗೆ ಆಗ ಮೂವತ್ತೆರಡು, ಕಾಲಿನಲ್ಲಿ ಕಸುವಿತ್ತು. ಆಸ್ಪತ್ರೆ, ಪೊಲೀಸು, ರಾಯಭಾರಿ ಕಚೇರಿ, ವಿಮಾನದ ಕಾರ್ಗೋ ಎಂದು ಬಸ್ಸು ಹತ್ತಿ ಇಳಿದು, ಬೈಗುಳ ತಿಂದು, ಕೊನೆಗೆ ಗೆಳೆಯನನ್ನು ಮಂಗಳೂರಿನ ವಿಮಾನಕ್ಕೆ ಹಾಕಿದ. ಮರುವಾರ ಗುರುತಿಲ್ಲದ ನಂಬರಿನಿಂದ ಫೋನು ಬಂತು: "ನಿಮಗೆ ಈ ಕೆಲಸ ಗೊತ್ತುಂಟಂತಲ್ಲ?" ಆವತ್ತು ಬಂದ ಫೋನು ಈವತ್ತಿನವರೆಗೂ ನಿಂತಿಲ್ಲ.

ಈಗ ಅವನಿಗೆ ಐವತ್ತನಾಲ್ಕು. ಮೊಣಕಾಲು ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಹಳೆಯ ನಿಸ್ಸಾನ್ ಸನ್ನಿ ಕಾರು ಅವನಿಗಿಂತ ಹೆಚ್ಚು ಕೆಮ್ಮುತ್ತದೆ. ಎಷ್ಟು ಜನರನ್ನು ಕಳುಹಿಸಿದ್ದಾನೆಂದು ಅವನು ಎಣಿಸಲು ಹೋಗಿಲ್ಲ. ಆದರೆ ಕೈಗೆ ಬಂದ ಒಬ್ಬರನ್ನೂ ಇಲ್ಲೇ ಬಿಟ್ಟಿಲ್ಲ ಎಂಬುದೊಂದು ಅವನ ಹೆಮ್ಮೆ. ಕಷ್ಟದ ಬದುಕಿನಲ್ಲಿ ಮನುಷ್ಯನಿಗೆ ಇಷ್ಟಾದರೂ ಬೇಕಲ್ಲ.

ಕಾಗದಗಳಲ್ಲಿ ಹೆಚ್ಚು ಕಾಡುವುದು ಮನೆಯವರ ಒಪ್ಪಿಗೆ ಪತ್ರ. ದುಃಖದಲ್ಲಿರುವವರಿಂದ ಸಹಿ ಹಾಕಿಸುವುದು ಸುಲಭವಲ್ಲ. ಅದಕ್ಕೆ ಉಮ್ಮರಬ್ಬ ಒಂದು ದಾರಿ ಹುಡುಕಿಕೊಂಡಿದ್ದ. ಊರಿನ ಮನೆಗೆ ಫೋನು ಮಾಡಿದರೆ ಮೊದಲು ಕಾಗದದ ಮಾತೆತ್ತುವುದಿಲ್ಲ. "ಬರುವ ತಿಂಗಳು ಊರಿಗೆ ಹೊರಟಿದ್ದರಂತೆ. ನಿಮ್ಮ ಸುದ್ದಿಯೇ ಮಾತಾಡ್ತಾ ಇದ್ದರಂತೆ" ಎನ್ನುತ್ತಾನೆ. ಸತ್ತವನ ಮುಖವನ್ನು ಅವನು ಜೀವಂತವಾಗಿ ಕಂಡೇ ಇರುವುದಿಲ್ಲ. ಆ ಕಡೆ ಅಳು ಒಡೆಯುತ್ತದೆ. ಅತ್ತು ಮುಗಿದ ಮೇಲೆ ಸಹಿ ತಾನಾಗಿಯೇ ಬರುತ್ತದೆ. ಸುಳ್ಳೇ ಹೌದು. ಆದರೆ ಅದರಿಂದ ಯಾರ ಮನಸ್ಸೂ ನೋಯುವುದಿಲ್ಲ ಎಂದು ಅವನು ನಂಬಿದ್ದ.

ಮನೆಯಲ್ಲೂ ಅವನ ಬಾಯಲ್ಲಿ ಇಂಥದ್ದೇ ಒಂದು ಮಾತು ಓಡಾಡುತ್ತಿತ್ತು. ಹೆಂಡತಿ ಜಸೀನಾಳನ್ನು ಕಡಲ ಕರೆಗೆ ಕರೆದುಕೊಂಡು ಹೋಗುವುದು, ಅವಳ ಹಲ್ಲಿನ ಡಾಕ್ಟರು, ಮಗಳ ಶಾಲೆಯ ಮೀಟಿಂಗು, ಎಲ್ಲವೂ ಮುಂದಿನ ವಾರ. ಮೊದಮೊದಲು ಜಸೀನಾ ಜಗಳವಾಡುತ್ತಿದ್ದಳು. ಆಮೇಲೆ ಅತ್ತಳು. ಈಗ ಕೆಲವು ವರ್ಷಗಳಿಂದ ಅವನು ತಡವಾಗುತ್ತದೆಂದು ಫೋನು ಮಾಡಿದರೆ "ಇರಲಿ ಬಿಡಿ" ಎಂದಷ್ಟೇ ಹೇಳಿ ಇಟ್ಟುಬಿಡುತ್ತಾಳೆ. ಹೆಂಡತಿ ಹೊಂದಿಕೊಂಡಿದ್ದಾಳೆ ಎಂದು ಉಮ್ಮರಬ್ಬ ನೆಮ್ಮದಿಯಾಗಿದ್ದ. ಗಂಡಸರಿಗೆ ಇಂಥ ನೆಮ್ಮದಿ ಬಹಳ ಬೇಗ ಸಿಗುತ್ತದೆ.

ಆ ಸೋಮವಾರ ಬೆಳಿಗ್ಗೆ ಮಗಳು ಸಮೀಹಾಳನ್ನು ಊದ್ ಮೇಥಾದ ಶಾಲೆಗೆ ಬಿಡಲು ಹೊರಟಿದ್ದ. ಹುಡುಗಿ ಒಂಬತ್ತನೆಯ ತರಗತಿ. ಕಾರು ಹತ್ತಿದಾಗಿನಿಂದ ಮುಖ ಊದಿಸಿಕೊಂಡಿದ್ದಳು.

"ಎಂತ ಆಯಿತು?"

"ಡ್ರಾಮಾದಲ್ಲಿ ನಂಗೆ ವಿಲನ್ ಪಾರ್ಟ್ ಬಾಪ. ಒಂದೇ ಸೀನ್. ಎಲ್ಲರೂ ಅಳುವಾಗ ನಾನೊಬ್ಬಳೇ ಅಳಬಾರದು."

ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಅವಳು ಕಥೆ ಹೇಳಿದಳು. ಉತ್ತರದ ಹಿಮದ ನಾಡಿನವರು ಹಿಂದಿನ ಕಾಲದಲ್ಲಿ ನಂಬುತ್ತಿದ್ದ ದೇವರುಗಳ ಕಥೆ. ಅವರ ದೊರೆ ಓಡಿನ್. ಅವನ ಮಗ ಬಾಲ್ಡರ್ ಎಲ್ಲರ ಕಣ್ಮಣಿ. ಆ ಬಾಲ್ಡರ್ ಸತ್ತುಹೋಗುತ್ತಾನೆ. ಸತ್ತವರ ಲೋಕವನ್ನಾಳುವ ಹೆಲ್ ಎಂಬವಳ ಬಳಿಗೆ ಹೋಗಿ ಅವನನ್ನು ಬಿಡಿಸಿ ತರುವವರು ಯಾರು ಎಂದು ತಾಯಿ ಕೇಳಿದಾಗ ಹೆಸರಾಂತ ದೇವರುಗಳೆಲ್ಲ ಸುಮ್ಮನಿರುತ್ತಾರೆ. ಎದ್ದು ನಿಲ್ಲುವವನು ಹೆರ್ಮೋಡ್. ಯಾರೂ ಅಷ್ಟಾಗಿ ಲೆಕ್ಕಕ್ಕಿಡದ ದೇವರು, ಬಾಲ್ಡರನ ಸೋದರ. ತಂದೆಯ ಎಂಟು ಕಾಲಿನ ಕುದುರೆ ಹತ್ತಿ, ಒಂಬತ್ತು ರಾತ್ರಿ ಕತ್ತಲ ಕಣಿವೆಗಳಲ್ಲಿ ಓಡಿಸಿ, ಹೆಲ್‌ಳ ಬಾಗಿಲು ತಲುಪುತ್ತಾನೆ. ಅವಳು ಒಂದೇ ಷರತ್ತು ಹಾಕುತ್ತಾಳೆ: ಲೋಕದಲ್ಲಿರುವ ಎಲ್ಲವೂ ಅವನಿಗಾಗಿ ಅಳಬೇಕು. ಒಂದು ತಪ್ಪಿದರೂ ಬಿಡುವುದಿಲ್ಲ.

ಇಂಥ ದೇವರುಗಳ ಮಾತು ಕಿವಿಗೆ ಬಿದ್ದದ್ದಕ್ಕೆ ಉಮ್ಮರಬ್ಬ ಬಾಯಲ್ಲಿ ಅಸ್ತಗ್ಫಿರುಲ್ಲಾ, ಅಲ್ಲಾಹನೇ ಕ್ಷಮಿಸು, ಎಂದುಕೊಂಡ. ಕಿವಿ ಮಾತ್ರ ಕಥೆಯಲ್ಲೇ ಇತ್ತು. "ಆಮೇಲೆ? ಅತ್ತರಾ?"

"ಎಲ್ಲರೂ. ಮನುಷ್ಯರು, ಮರ, ಕಲ್ಲು ಎಲ್ಲ. ಗುಹೆಯಲ್ಲಿ ಥೋಕ್ ಅಂತ ಒಬ್ಬಳು ಮುದುಕಿ ಮಾತ್ರ ಅಳುವುದಿಲ್ಲ. ಅವಳಿಂದ ಎಲ್ಲ ಹಾಳಾಗುತ್ತದೆ. ಅವಳೇ ನಾನು." ಮುದುಕಿಯ ಮಾತನ್ನು ಸಮೀಹಾ ಹಲ್ಲು ಕಚ್ಚಿ, ಕಣ್ಣು ಕೆಂಪು ಮಾಡಿ ಒಪ್ಪಿಸಿದಳು. ನಾಟಕ ಇಂಗ್ಲಿಷಿನದು. ಅವಳ ಮಾತಿನ ಅರ್ಥ ಇಷ್ಟು: ಅವನಿದ್ದಾಗಲೂ ನನ್ನ ಒಲೆಯನ್ನು ನಾನೇ ಹಚ್ಚಿದೆ, ಇನ್ನು ಮುಂದೆಯೂ ನಾನೇ ಹಚ್ಚುತ್ತೇನೆ, ನನ್ನ ಕಣ್ಣಿನಲ್ಲಿ ನೀರಿಲ್ಲ. "ಮಿಸ್ ಹೇಳ್ತಾರೆ ಸರಿಯಾಗ್ಲಿಲ್ಲ ಅಂತ. ಬರೀ ಕಿರುಚ್ತಿ ಅಂತಾರೆ."

"ಹೆರ್ಮೋಡ್ ಆಮೇಲೆ ಏನಾದ?"

"ಗೊತ್ತಿಲ್ಲ. ಅವನು ಬಂದು ಸುದ್ದಿ ಹೇಳ್ತಾನೆ. ಆಮೇಲೆ ಸ್ಟೇಜಿಂದ ಹೋಗ್ತಾನೆ."

"ಒಂಬತ್ತು ರಾತ್ರಿ ಓಡಿದ ಕುದುರೆಗೆ ಒಂದು ಬಾಲ್ದಿ ನೀರಾದರೂ ಕೊಟ್ಟರಾ?"

ಸಮೀಹಾ ನಕ್ಕಳು. ಇಳಿಯುವಾಗ ಕಿಟಕಿಗೆ ಬಗ್ಗಿ, "ಗುರುವಾರ ಹತ್ತು ಗಂಟೆಗೆ ಬಾಪ. ಪ್ರಾಮಿಸ್?" ಎಂದಳು.

"ಎದುರಿನ ಸಾಲಿನಲ್ಲೇ ಕೂತಿರ್ತೇನೆ" ಎಂದು ಉಮ್ಮರಬ್ಬ ಹೇಳಿ ಮುಗಿಸುವಷ್ಟರಲ್ಲಿ ಫೋನು ಬಡಿದುಕೊಂಡಿತು. ಅಬುಧಾಬಿಯಿಂದ ವಿಲ್ಸನ್ ಎಂಬವನು. ಅವನ ರೂಮಿನವನೊಬ್ಬ ತೀರಿಕೊಂಡು ಎರಡು ದಿನವಾಗಿತ್ತು, ದಾರಿ ತೋಚುತ್ತಿರಲಿಲ್ಲ.

ತೀರಿಕೊಂಡವನು ಗುಣಪಾಲ. ಮುಲ್ಕಿ ಹತ್ತಿರದ ಪಕ್ಷಿಕೆರೆಯವನು, ವಯಸ್ಸು ಐವತ್ತೆಂಟು. ಹಮ್ದಾನ್ ಸ್ಟ್ರೀಟಿನ ಹೋಟೆಲೊಂದರ ಅಡುಗೆಮನೆಯಲ್ಲಿ ಕೆಲಸ, ಬನಿಯಾಸಿನಲ್ಲಿ ಆರು ಜನರ ರೂಮಿನಲ್ಲಿ ಕೆಳಗಿನ ಮಂಚ. ಬೆಳಿಗ್ಗೆ ಏಳಲಿಲ್ಲ, ಅಷ್ಟೇ. ಉಮ್ಮರಬ್ಬ ಟೈಪಿಂಗ್ ಸೆಂಟರಿಗೆ ರಜೆ ಹೇಳಿ ನೂರನಲವತ್ತು ಕಿಲೋಮೀಟರು ಸನ್ನಿಯನ್ನು ಕೆಮ್ಮಿಸಿಕೊಂಡು ಹೋದ.

ರೂಮಿನಲ್ಲಿ ವಿಲ್ಸನ್ ಮಂಚದಡಿಯಿಂದ ಒಂದು ದೊಡ್ಡ ಸೂಟ್‌ಕೇಸ್ ಎಳೆದು ತೆರೆದ. ಒಳಗೆ ಪ್ಲಾಸ್ಟಿಕ್ ಬಿಚ್ಚದ ಸೀರೆಗಳು, ಟಾರ್ಚು, ಟೈಗರ್ ಬಾಮ್, ಅತ್ತರಿನ ಶೀಶೆ, ಹಾಲಿನ ಪುಡಿಯ ಡಬ್ಬ. ಡಬ್ಬದ ಮೇಲಿನ ತಾರೀಕು ಮುಗಿದು ಐದು ವರ್ಷವಾಗಿತ್ತು. ಒಂದು ಪುಟ್ಟ ಫ್ರಾಕೂ ಇತ್ತು. ಅದನ್ನು ಯಾವ ಮೊಮ್ಮಗಳಿಗೆಂದು ತೆಗೆದಿದ್ದನೋ ಆ ಮಗು ಈಗ ಶಾಲೆಗೆ ಹೋಗುತ್ತಿದೆಯಂತೆ.

"ಹನ್ನೊಂದು ವರ್ಷ ಊರಿಗೆ ಹೋಗ್ಲಿಲ್ಲ ಉಮ್ಮರಾಕ," ಎಂದ ವಿಲ್ಸನ್. "ಪ್ರತಿ ವರ್ಷ ಪೆಟ್ಟಿಗೆ ತುಂಬಿಸ್ತಿದ್ದ. ಮತ್ತೆ ಎಂತದೋ ಹೇಳಿ ನಿಲ್ತಿದ್ದ. ಹೋಟೆಲಲ್ಲಿ ಜನ ಇಲ್ಲ, ಈಗ ಮಳೆ, ಈಗ ಬಿಸಿಲು. ಯಾರೂ ಹಿಡಿದು ಇಟ್ಟದ್ದಲ್ಲ ಮಾರಾಯ್ರೇ. ಅವನಿಗೆ ಹೋಗ್ಲಿಕ್ಕೆ ಹೆದರಿಕೆ ಅಂತ ಕಾಣ್ತದೆ."

"ಎಂತದ್ದು ಹೆದರಿಕೆ?"

"ತಡ ಆದದ್ದೇ."

ಉಮ್ಮರಬ್ಬ ಪೆಟ್ಟಿಗೆ ಮುಚ್ಚಿದ. ಇವನನ್ನು ಮಾತ್ರ ಕಳುಹಿಸಲೇಬೇಕು, ಇನ್ನು ತಡವಾಗಬಾರದು ಎಂದು ಅವನಿಗೆ ಅನಿಸಿತು.

ಮಂಗಳವಾರ ಮಧ್ಯಾಹ್ನದೊಳಗೆ ಅವನ ಫೈಲು ತುಂಬಿತು. ಆಸ್ಪತ್ರೆಯವರು ಬರೆದುಕೊಟ್ಟರು. ಪೊಲೀಸು ಠಾಣೆಯಲ್ಲಿ ಯಾವಾಗಲೂ ಗಂಟುಮುಖದ ಅಧಿಕಾರಿ ಈ ಸಲ ಅವನನ್ನು ಕೂರಿಸಿ ಗಾವಾ ಕಾಫಿ ಕೊಟ್ಟು ಮೊಹರು ಒತ್ತಿದ. ಹೋಟೆಲಿನ ಮ್ಯಾನೇಜರು ಗೊಣಗದೆ ಸಹಿ ಹಾಕಿದ. ರಾಯಭಾರಿ ಕಚೇರಿಯಲ್ಲಿ ಸರತಿ ಇರಲಿಲ್ಲ. ಕಾರ್ಗೋದವನು ಗುರುವಾರದ ವಿಮಾನದಲ್ಲಿ ಜಾಗವಿದೆ ಎಂದ. ಇಷ್ಟು ಸಲೀಸಾಗಿ ಯಾವ ಕೇಸೂ ನಡೆದಿರಲಿಲ್ಲ. ಉಳಿದದ್ದು ಮನೆಯವರ ಪತ್ರ ಒಂದೇ. ಅದನ್ನು ಕೊಡಬೇಕಾದವಳು ಗುಣಪಾಲನ ಹೆಂಡತಿ ಸುಗಂಧಿ.

ಕಾರಿನಲ್ಲಿ ಕೂತು ಫೋನು ಮಾಡಿದ. ಆ ಕಡೆ ಕತ್ತರಿಯ ಚಕಚಕ ಕೇಳುತ್ತಿತ್ತು. ಬೀಡಿ ಎಲೆ ಕತ್ತರಿಸುತ್ತಿದ್ದಾಳೆಂದು ಅವನಿಗೆ ತಿಳಿಯಿತು, ಅವನನ್ನು ಹೆತ್ತ ಉಮ್ಮನೂ ಬೀಡಿ ಕಟ್ಟಿದವಳೇ. ಹೆಸರು ಹೇಳಿದ, ಸಮಾಧಾನ ಹೇಳಿದ. ಆಮೇಲೆ ಎಂದಿನ ಮಾತಿಗೆ ಬಂದ.

"ಬರುವ ತಿಂಗಳು ಊರಿಗೆ ಹೊರಟಿದ್ದರಂತೆ ಅಕ್ಕ. ನಿಮ್ಮ ಸುದ್ದಿಯೇ ಮಾತಾಡ್ತಾ..."

ಕತ್ತರಿ ನಿಂತಿತು. ಅಳು ಬರುತ್ತದೆಂದು ಉಮ್ಮರಬ್ಬ ಕಾದ.

"ಬ್ಯಾರಿಗಳೇ," ಎಂದಳು ಸುಗಂಧಿ, ನಮ್ಮ ಕರಾವಳಿಯಲ್ಲಿ ಮುಸ್ಲಿಮರನ್ನು ಕರೆಯುವ ಹಾಗೆ. "ಬರುವ ತಿಂಗಳು ಅಂತ ಹನ್ನೊಂದು ವರ್ಷ ಅವರು ಹೇಳಿದರು. ಈಗ ನೀವೂ ಶುರು ಮಾಡಬೇಡಿ."

ಇಪ್ಪತ್ತೆರಡು ವರ್ಷ ಎಲ್ಲ ಮನೆಗಳಲ್ಲೂ ನಡೆದ ನಾಣ್ಯ ಈ ಮನೆಯಲ್ಲಿ ನಡೆಯಲಿಲ್ಲ. ಕೊನೆಗೆ ಹೇಗೋ ಕಾಗದದ ಮಾತೆತ್ತಿದ. ಅವಳು ನಿಧಾನವಾಗಿ, "ನಾನು ಸಹಿ ಹಾಕುವುದಿಲ್ಲ. ಕಳಿಸಬೇಡಿ. ಅಲ್ಲೇ ಏನು ಮಾಡಬೇಕೋ ಮಾಡಿ" ಎಂದು ಫೋನಿಟ್ಟಳು.

ಉಮ್ಮರಬ್ಬನಿಗೆ ಸಿಟ್ಟು ನೆತ್ತಿಗೇರಿತು. ಪೊಲೀಸಿನವನೇ ಕರಗಿದ್ದಾನೆ, ಕಟ್ಟಿಕೊಂಡವಳಿಗೆ ಇಷ್ಟು ಕಲ್ಲು ಮನಸ್ಸೇ? ಗುಹೆಯ ಮುದುಕಿ ಪಕ್ಷಿಕೆರೆಯಲ್ಲೇ ಇದ್ದಾಳಲ್ಲ ಎಂದುಕೊಂಡ. ಆ ಸಿಟ್ಟಿನಲ್ಲೇ ಗುಣಪಾಲನ ತಮ್ಮ ಶಾಮಸುಂದರನಿಗೆ ಫೋನು ತಿರುಗಿಸಿದ.

ಶಾಮಸುಂದರ ಸಂಗತಿ ಕೇಳಿ ಕೆಂಡವಾದ. "ಅವಳ ಒಪ್ಪಿಗೆ ಯಾರಿಗೆ ಬೇಕು? ನಾಳೆ ಬೆಳಿಗ್ಗೆ ಮನೆಯವರನ್ನೆಲ್ಲ ಸೇರಿಸ್ತೇನೆ. ಹತ್ತು ಜನ ಎದುರು ನಿಂತರೆ ಹೇಗೆ ಹಾಕುವುದಿಲ್ಲ ನೋಡುವ. ನೀವು ಬಾಕ್ಸ್ ರೆಡಿ ಮಾಡಿ ಸಾಹೇಬರೇ."

ಕೆಲಸ ಆಗುತ್ತದೆ ಎಂದು ಉಮ್ಮರಬ್ಬನಿಗೆ ಖಾತ್ರಿಯಾಯಿತು. ಆದರೂ ಶೇಖ್ ಝಾಯೆದ್ ರಸ್ತೆಯಲ್ಲಿ ಮನೆಗೆ ಮರಳುವಾಗ ಮನಸ್ಸು ಹಗುರವಾಗಲಿಲ್ಲ. ನೀವೂ ಶುರು ಮಾಡಬೇಡಿ ಎಂದ ಆ ದನಿಯಲ್ಲಿ ಕಲ್ಲಿರಲಿಲ್ಲ. ಎಲ್ಲೋ ಕೇಳಿದ ದನಿ ಎನಿಸಿತು, ಎಲ್ಲಿ ಎಂದು ಹೊಳೆಯಲಿಲ್ಲ. ಅವನಿಗೆ ಅಷ್ಟು ಸುಸ್ತಾಗಿತ್ತು.

ಬುಧವಾರ ಬೆಳಿಗ್ಗೆ ಊರಿನಲ್ಲಿ ಹತ್ತು ಜನ ಸೇರುವ ಮೊದಲೇ ಅವನು ಸುಗಂಧಿಗೆ ಮತ್ತೆ ಫೋನು ಮಾಡಿದ. ಈ ಸಲ ಏನೂ ಕಟ್ಟಲಿಲ್ಲ. "ಅಕ್ಕ, ನಿನ್ನೆ ನಾನು ಹೇಳಿದ್ದು ಸುಳ್ಳು. ನಿಮ್ಮ ಯಜಮಾನರನ್ನು ನಾನು ಕಂಡವನೇ ಅಲ್ಲ. ಒಂದು ಪೆಟ್ಟಿಗೆ ಕಂಡೆ, ಅದರಲ್ಲಿ ನಿಮಗೆ ತೆಗೆದ ಸೀರೆಗಳುಂಟು. ಅದು ಮಾತ್ರ ಸತ್ಯ."

"ಗೊತ್ತುಂಟು," ಎಂದಳು. "ಮೂರು ಸೀರೆ. ಒಂದು ನವಿಲು ಬಣ್ಣದ್ದು. ತೆಗೆದ ದಿನವೇ ಫೋನಲ್ಲಿ ಹೇಳ್ತಿದ್ದರು. ಮಗಳ ಮದುವೆಗೆ ಬರ್ತೇನೆ ಅಂದರು, ಚಪ್ಪರ ಬಿಚ್ಚುವವರೆಗೆ ನಾನು ದಾರಿ ನೋಡಿದೆ. ಕೆಟ್ಟವರಲ್ಲ ಬ್ಯಾರಿಗಳೇ. ಒಂದು ಕೆಟ್ಟ ಮಾತು ಆಡಿದವರಲ್ಲ."

"ಹಾಗಾದರೆ ಯಾಕೆ ಬೇಡ ಅಂತೀರಿ?"

ಅವಳು ಕತ್ತರಿ ಕೆಳಗಿಟ್ಟ ಸದ್ದು ಕೇಳಿಸಿತು.

"ಅವರನ್ನು ತಂದು ಅಂಗಳದಲ್ಲಿ ಮಲಗಿಸ್ತಾರೆ. ಊರೆಲ್ಲ ಬರ್ತದೆ. ಎಲ್ಲರೂ ನನ್ನ ಕಣ್ಣನ್ನೇ ನೋಡ್ತಾರೆ. ನನಗೆ ಅಳು ಬರುವುದಿಲ್ಲ. ನಾನು ಪ್ರಯತ್ನ ಮಾಡಿದೆ, ಸುದ್ದಿ ಬಂದ ದಿನ ಬಾಗಿಲು ಹಾಕಿ ಕೂತು ಪ್ರಯತ್ನ ಮಾಡಿದೆ. ಬರಲಿಲ್ಲ. ಅಳುವುದನ್ನೆಲ್ಲ ಅವರು ಬದುಕಿದ್ದಾಗಲೇ ಅತ್ತು ಮುಗಿಸಿದ್ದೇನೆ. ಈಗ ಜನರಿಗೋಸ್ಕರ ಬೊಬ್ಬೆ ಹಾಕ್ಲಿಕ್ಕೆ ನನ್ನಿಂದಾಗುವುದಿಲ್ಲ. ಅಳದೆ ಕೂತರೆ ಬದುಕಿರುವಷ್ಟು ದಿನ ಅದೇ ಮಾತು. ಬಚ್ಚಿದೆ ನನಗೆ. ಬಹಳ ಬಚ್ಚಿದೆ."

ಬಚ್ಚುವುದು ಎಂದರೆ ದಣಿಯುವುದು. ಆ ಪದ ಕೇಳಿದ್ದೇ ಉಮ್ಮರಬ್ಬನ ಸಿಟ್ಟು ಇಳಿದುಹೋಯಿತು. ಅದು ಅವನ ಪದವೂ ಹೌದು, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗಲೆಲ್ಲ ಅವನ ಬಾಯಿಗೆ ಬರುವ ಪದ. ಇಲ್ಲಿ ಹೊರಡಲಾರದೆ ಉಳಿದವನು ಒಬ್ಬ, ಅಲ್ಲಿ ಕಾದು ಮುಗಿದವಳು ಒಬ್ಬಳು. ನಡುವೆ ತಾನು ಫೈಲು ಹಿಡಿದು ಯಾರಿಗೋಸ್ಕರ ಓಡುತ್ತಿದ್ದೇನೆ? ಗುಣಪಾಲನಿಗೆ ಊರು ಬೇಕಿತ್ತು, ನಿಜ. ಆದರೆ ಅವನ ತಡಕ್ಕೆ ಇನ್ನೊಮ್ಮೆ ಬೆಲೆ ತೆರಬೇಕಾದವಳು ಇವಳೇ.

"ಆಯಿತು ಅಕ್ಕ," ಎಂದ. "ನಾನು ಕಳಿಸುವುದಿಲ್ಲ."

ಆಮೇಲೆ ಶಾಮಸುಂದರನಿಗೆ ಫೋನು ಮಾಡಿ ಹೇಳಿದ. ಅವನು ಬಾಯಿಗೆ ಬಂದಂತೆ ಬೈದ. ನೀವು ಬ್ಯಾರಿಗಳಿಗೆ ನಮ್ಮ ಕ್ರಮ ಏನು ಗೊತ್ತು ಎಂದೂ ಕೇಳಿದ. ಉಮ್ಮರಬ್ಬ ಎಲ್ಲವನ್ನೂ ಕೇಳಿಸಿಕೊಂಡು, "ಒತ್ತಾಯದ ಸಹಿ ಇರುವ ಕಾಗದ ನಾನು ಮುಟ್ಟುವುದಿಲ್ಲ. ಬೇರೆ ಯಾರಾದರೂ ಇದ್ದರೆ ಹುಡುಕಿ. ಖಲಾಸ್" ಎಂದ. ಬೇರೆ ಯಾರೂ ಇರಲಿಲ್ಲ. ಇಲ್ಲಿಯೇ ದಹನ ಮಾಡಲು ಒಪ್ಪಿಗೆಯ ಪತ್ರ ಸುಗಂಧಿಯ ಕೈಯಿಂದ ಮಧ್ಯಾಹ್ನದೊಳಗೆ ಫೋನಿಗೆ ಬಂತು. ಸಹಿ ನೆಟ್ಟಗಿತ್ತು, ಎಲ್ಲೂ ನಡುಗಿರಲಿಲ್ಲ. ಜೊತೆಗೆ ಒಂದು ವಾಯ್ಸ್ ಮೆಸೇಜು: "ನಿಮಗೂ ಮನೆ ಮಕ್ಕಳು ಇರಬಹುದಲ್ಲ ಬ್ಯಾರಿಗಳೇ. ಇದು ಮುಗಿದ ಮೇಲೆ ಮನೆಗೆ ಹೋಗಿ."

ದಹನ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಸಿಕ್ಕಿತು. ಅಬುಧಾಬಿಯ ಹೊರಗೆ, ಮರಳಿನ ನಡುವೆ, ಗಲಾಟೆಯಿಲ್ಲದ ಜಾಗ. ವಿಲ್ಸನ್, ಹೋಟೆಲಿನ ಇಬ್ಬರು, ಉಮ್ಮರಬ್ಬ. ಇಷ್ಟೇ ಜನ. ನವಿಲು ಬಣ್ಣದ ಸೀರೆಯನ್ನು ವಿಲ್ಸನ್ ತಂದಿದ್ದ. ಅದನ್ನು ಜೊತೆಗಿಡಲೇ, ಊರಿಗೆ ಕಳುಹಿಸಲೇ ಎಂದು ಕೇಳಿದ. ಉಮ್ಮರಬ್ಬ ಜೊತೆಗಿಡು ಎಂದ. ಹೊರಗಿನ ಬೆಂಚಿನಲ್ಲಿ ಕಾಯುತ್ತಿದ್ದಾಗ ಅವನ ಕಣ್ಣು ಒದ್ದೆಯಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಕೈಗೆ ಬಂದು ಇಲ್ಲೇ ಉಳಿದವನು ಇವನೊಬ್ಬ. ಸೋತೆ ಅನಿಸಿತು. ಸರಿಯಾದದ್ದನ್ನೇ ಮಾಡಿದೆ ಎಂದೂ ಅನಿಸಿತು. ಎರಡನ್ನೂ ಹೊತ್ತುಕೊಂಡು ಕಾರು ಹತ್ತಿದ.

ದಾರಿಯುದ್ದಕ್ಕೂ ಅವನ ತಲೆಯಲ್ಲಿ ಗುಹೆಯ ಮುದುಕಿಯೇ. ಮಗಳಿಗೆ ಅವಳ ಪಾರ್ಟು ಸರಿಯಾಗಿ ಕೂರುವುದಿಲ್ಲ ಯಾಕೆಂದು ಈಗ ಅವನಿಗೆ ಗೊತ್ತಾಗಿತ್ತು. ಅಷ್ಟು ಸಣ್ಣ ಹುಡುಗಿಗೆ ಅದು ಹೇಗೆ ತಿಳಿಯಬೇಕು? ತಾನೇ ಹೇಳಿಕೊಡಬೇಕು. ಬಹಳ ವರ್ಷಗಳ ನಂತರ ಮಗಳಿಗೆ ಕೊಡಲು ತನ್ನ ಬಳಿ ಏನೋ ಇದೆ ಎಂಬ ಸಂತೋಷದಲ್ಲಿ ಅವನು ಎಲ್ಲೂ ಚಹಾಕ್ಕೂ ನಿಲ್ಲಿಸಲಿಲ್ಲ.

ಮನೆ ತಲುಪಿದಾಗ ಮಧ್ಯಾಹ್ನ ಎರಡೂವರೆ. ಸ್ನಾನ ಮಾಡಿ ಬಂದ. ಜಸೀನಾ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಸಮೀಹಾ ಸೋಫಾದಲ್ಲಿ ಕಾಲು ಮಡಚಿ ಕೂತಿದ್ದಳು. ಉಮ್ಮರಬ್ಬ ಅವಳ ಎದುರು ಕುರ್ಚಿ ಎಳೆದುಕೊಂಡು ಕೂತು ಹೇಳತೊಡಗಿದ.

"ಮೋಳೆ, ಆ ಮುದುಕಿ ಉಂಟಲ್ಲ, ಅವಳು ವಿಲನ್ ಅಲ್ಲ. ಕಿರುಚಬೇಡ, ಕಣ್ಣು ಕೆಂಪು ಮಾಡಬೇಡ. ಅವಳಿಗೆ ಸಿಟ್ಟೇ ಇಲ್ಲ. ಅವಳು ಕಾದು ಕಾದು ಬಚ್ಚಿದವಳು. ಅಳುವುದೆಲ್ಲ ಅತ್ತು ಮುಗಿದಿದೆ. ಆ ಮಾತನ್ನು ಮೆಲ್ಲಗೆ ಹೇಳು. ಹೇಳಿ ಏನೂ ಆಗ್ಲಿಕ್ಕಿಲ್ಲ ಅಂತ ಗೊತ್ತಿರುವವರು ಹೇಳುವ ಹಾಗೆ ಹೇಳು. ಆಗ ನೋಡು, ಎದುರು ಕೂತವರೆಲ್ಲ ಸುಮ್ಮನಾಗ್ತಾರೆ."

ಸಮೀಹಾ ಕೊನೆಯವರೆಗೂ ಕೇಳಿದಳು. ಒಳ್ಳೆಯ ಹುಡುಗಿ, ನಡುವೆ ಬಾಯಿ ಹಾಕಲಿಲ್ಲ.

"ಹಾಗೇ ಹೇಳಿದೆ ಬಾಪ," ಎಂದಳು. "ಎಲ್ಲರೂ ಸುಮ್ಮನಾದರು. ಮಿಸ್ ಅತ್ತುಬಿಟ್ಟರು."

ಉಮ್ಮರಬ್ಬ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದ. ಗುರುವಾರ. ಹತ್ತು ಗಂಟೆಗೆ ತಾನು ಮರಳಿನಲ್ಲಿ ಬೆಂಚಿನ ಮೇಲೆ ಕೂತಿದ್ದೆ. ನಾಲಿಗೆಯ ತುದಿಗೆ ಬಂದ ಮುಂದಿನ ಸಲ ಎಂಬ ಮಾತನ್ನು ನುಂಗಿಕೊಂಡ. ಪಾತ್ರೆಯ ಸದ್ದು ನಿಂತಿತ್ತು.

"ಯಾರು ಹೇಳಿಕೊಟ್ಟರು ನಿನಗೆ?" ಎಂದು ಕೇಳಿದ.

ಸಮೀಹಾ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಉಮ್ಮನ ಕಡೆಗೊಮ್ಮೆ ನೋಡಿದಳು.

"ಇರಲಿ ಬಿಡಿ," ಎಂದಳು ಜಸೀನಾ. "ಊಟಕ್ಕೆ ಬನ್ನಿ."